ಇಳಿಸದೆ ಉಳಿದ ಕಾಯಿ

ಟಿಲ್‌ಬರ್ಗ್, ನೆದರ್‌ಲ್ಯಾಂಡ್ಸ್
18 ನವೆಂಬರ್ 2024

ಪ್ರೀತಿಯ ಶೇವಂತಿ ಅತ್ತೆಗೆ,

ನಾನು, ಅಪ್ಪ ಬಾರಿಸುತ್ತಿದ್ದ ಡಮಾಮಿ, ಅಪ್ಪನ ಕಾಯಿ, ಮೂರೂ ಸುರಕ್ಷಿತವಾಗಿ ತಲುಪಿದ್ದೇವೆ. ಫೋನ್ ಮಾಡಬಹುದಿತ್ತು. ಆದರೆ ನೀನು ಗುಡ್ಡ ಹತ್ತಿ, ನೆಟ್‌ವರ್ಕ್ ಸಿಕ್ಕಿ, "ಹಲೋ, ಕೇಳ್ತದಾ? ಕೇಳ್ತದಾ?" ಎಂದು ಕೂಗುವುದರಲ್ಲೇ ಮಾತು ಮುಗಿದುಹೋಗುತ್ತದೆ. ಕಾಗದವನ್ನೇ ಬರೆ ಎಂದು ನೀನೇ ಆಜ್ಞೆ ಮಾಡಿದ್ದೀಯಲ್ಲ, ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಚೀಲ ತೆರೆಸಿದ. ಅರಿಶಿನ ಮೆತ್ತಿದ, ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ ಹೊರಗೆ ಬಂತು. ಏನಿದು ಎಂದು ಕೇಳಿದ. ಗಾಬರಿಯಲ್ಲಿ ಇಂಗ್ಲಿಷಿನಲ್ಲಿ "ನನ್ನ ಅಪ್ಪ" ಅಂದುಬಿಟ್ಟೆ. ಅವನು ನಗಲೇ ಇಲ್ಲ ಅತ್ತೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದ. "ನಿಮ್ಮ ಅಪ್ಪನೊಳಗೆ ನೀರಿದೆ" ಎಂದು ವಾಪಸ್ ಕೊಟ್ಟ. ನವರಾತ್ರಿಯಲ್ಲಿ ಒಂಬತ್ತು ದಿನ ನಮ್ಮ ಹಿರಿಯರ ಕಾಯಿಯ ಪಕ್ಕದಲ್ಲಿ ಕೂರಿಸಿ, ತೀರಿಹೋದ ಅಪ್ಪನ ಹೆಸರು ಕರೆದು, ಪಾಲಾಗಿ ಬೇರೆ ಹೋಗುವ ಮಕ್ಕಳಿಗೆ ಕೊಡುವ ಹಾಗೆ ನನ್ನ ಮಡಿಲಿಗೆ ಹಾಕಿದ್ದೀಯಲ್ಲ, ಅದನ್ನೆಲ್ಲ ಆ ಮನುಷ್ಯನಿಗೆ ಹೇಗೆ ವಿವರಿಸುವುದು ಹೇಳು.

ಆಲ್ಮೆರೆ ಎಂಬ ಊರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತ ಹೆಂಗಸು ಗಂಡನಿಗೆ, "ಕೇಟರಿಂಗ್‌ನವಳಲ್ವಾ ಇವಳು, ಸಾಲಲ್ಲಿ ಯಾಕೆ ನಿಂತಿದ್ದಾಳೆ?" ಅಂದಳು. ನಾನು ತಿರುಗಿ, "ಊಟಕ್ಕೇ ನಿಂತಿದೀನಿ ಮೇಡಂ, ನೀವು?" ಅಂದೆ. ಪಾಪ, ಅವಳ ಮುಖ ನೋಡಬೇಕಿತ್ತು! ಉಡುಪಿಯವಳು, ಹೆಸರು ಕ್ಷಮಾ. ಆಮೇಲೆ ಕೈ ಹಿಡಿದುಕೊಂಡು ಎಲ್ಲರ ಹತ್ತಿರ ಕರೆದುಕೊಂಡು ಹೋಗಿ, "ಇವಳು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ ನೋಡಿ" ಎಂದು ತೋರಿಸಿದಳು. ಹೊರಗೆ ಡಚ್ ಜನ ನನ್ನನ್ನು ತಮ್ಮ ಹಳೆಯ ವಸಾಹತು ಸುರಿನಾಮಿನವಳು ಅಂದುಕೊಳ್ಳುತ್ತಾರೆ. ಇಂಡಿಯಾ ಅಂದರೆ, "ಅದು ಸರಿ, ಮೂಲತಃ ಎಲ್ಲಿಯವಳು?" ಎಂದು ಕೇಳುತ್ತಾರೆ. ಯಲ್ಲಾಪುರ ಅನ್ನುತ್ತೇನೆ.

ಸಿಹಿ ಸುದ್ದಿ ಏನೆಂದರೆ ಕೆಲಸ ಸಿಕ್ಕಿದೆ. ಓದು ಮುಗಿದ ಮೇಲೆ ಇಲ್ಲಿ ಒಂದು ವರ್ಷ ಮಾತ್ರ ಇರಗೊಡುತ್ತಾರೆ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನದು ಜನವರಿಗೆ ಮುಗಿಯುತ್ತಿತ್ತು. ಒಂದು ಮ್ಯೂಸಿಯಂನವರು ತೆಗೆದುಕೊಂಡಿದ್ದಾರೆ. ಮುಖ್ಯಸ್ಥೆಯ ಹೆಸರು ಮಾರಿಯೆಟ್. ನಮ್ಮ ಸಿದ್ದಿಗಳ ಬಗ್ಗೆ ನನಗಿಂತ ಹೆಚ್ಚು ಓದಿದ್ದಾಳೆ.

ಕಾಯಿಯ ಬಗ್ಗೆ ಚಿಂತೆ ಬೇಡ. ಒಳ್ಳೆಯ ಜಾಗದಲ್ಲಿದೆ.

ನಿನ್ನ
ಅಪೂರ್ವ


ಯಲ್ಲಾಪುರ
20 ಡಿಸೆಂಬರ್ 2024

ಅಪೂರ್ವಳಿಗೆ ಅತ್ತೆಯ ಆಶೀರ್ವಾದ.

ಕಾಗದ ಬಂತು. ಪೋಸ್ಟಿನವನು ಪರದೇಶದ ಸ್ಟಾಂಪ್ ಕೊಡು ಎಂದು ಅಂಗಳದಲ್ಲೇ ಕೂತ. ಕೊಡಲಿಲ್ಲ.

ಅಣ್ಣನ ಕಾಯಿಯನ್ನು ಒಳ್ಳೆಯ ಜಾಗದಲ್ಲಿ ಇಟ್ಟಿದ್ದೇನೆ ಎಂದೆ. ಒಳ್ಳೆಯ ಜಾಗ ಎಂದರೆ ಎಂತದು ಮಾರಾಯ್ತಿ? ಅಡುಗೆಮನೆಯೇ ತಾನೆ? ನೀನು ಏನೇ ಬೇಯಿಸು, ಗಂಜಿಯೇ ಇರಲಿ, ಮೊದಲ ತುತ್ತು ಅವನ ಮುಂದೆ ಇಡಬೇಕು. ಅವನಿಗೆ ಚಳಿ ಆಗುವುದಿಲ್ಲ, ಜೀವ ಇದ್ದಾಗಲೇ ಕಂಬಳಿ ಹೊದ್ದವನಲ್ಲ. ಒಬ್ಬನೇ ಬಿಡಬೇಡ, ಅಷ್ಟೆ. ನಾನು ಇಲ್ಲಿ ಅವನ ಹೆಸರು ಕರೆಯುವುದನ್ನು ನಿಲ್ಲಿಸಿದ್ದೇನೆ, ನೆನಪಿರಲಿ. ಪಾಲು ಕೊಟ್ಟ ಮೇಲೆ ಅವನು ನಿನ್ನ ಮನೆಯವನು. ಮಹಾನವಮಿಯ ದಿನ ಸಂಜೆ ಎಲ್ಲರ ಹೆಸರು ಕರೆಯುವಾಗ ಅವನ ಹೆಸರು ಬಾಯಿಗೆ ಬಂದು ನುಂಗಿಕೊಂಡೆ. ನನಗಿಂತ ಮೂರೇ ವರ್ಷ ದೊಡ್ಡವನು.

ಡಮಾಮಿಯನ್ನು ಆಗಾಗ ಬೆಂಕಿಗೆ ಕಾಯಿಸು. ಚರ್ಮ ತಣ್ಣಗಾದರೆ ಸ್ವರ ಸಾಯುತ್ತದೆ. ನಿನಗೆ ಮಗ್ಗಿ ಬಾಯಿಪಾಠ ಆದದ್ದೇ ಅದರ ತಾಳಕ್ಕೆ. ಅಣ್ಣ ಬಾರಿಸುತ್ತಿದ್ದ, ನೀನು ಅಂಗಳದಲ್ಲಿ ಕುಪ್ಪಳಿಸುತ್ತ ಹೇಳುತ್ತಿದ್ದೆ. ತಪ್ಪಿದರೆ ಅವನೂ ತಪ್ಪು ಬಾರಿಸಿ ನಗುತ್ತಿದ್ದ. ಲೆಕ್ಕ ಕಲಿಸು ಎಂದರೆ ಕುಣಿಸ್ತೀಯಲ್ಲೋ ಎಂದು ನಾನು ಬೈಯುತ್ತಿದ್ದೆ.

ಆ ಹೆಂಗಸು ನಮ್ಮ ಬಗ್ಗೆ ಹೆಚ್ಚು ಓದಿದ್ದಾಳೆ ಎಂದರೆ ಸ್ವಲ್ಪ ಹುಷಾರು. ನಮ್ಮನ್ನು ಓದಿ ಬಂದವರನ್ನು ನಾನು ಹಿಂದೆಯೂ ನೋಡಿದ್ದೇನೆ. ಹದಿನಾಲ್ಕು ವರ್ಷಕ್ಕೆ ಸರ್ಕಾರದವರು ನನ್ನನ್ನು ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಎತ್ತಿಕೊಂಡು ಹೋದರಲ್ಲ, ನಾನು ಓಡಿದ್ದನ್ನು ಅವರು ನೋಡಿಯೇ ಇರಲಿಲ್ಲ. ಗುಂಗುರು ಕೂದಲು ನೋಡಿದರು, ಅಷ್ಟೆ. ಕೋಚ್ ಹೇಳುತ್ತಿದ್ದ, "ನಿಮ್ಮ ರಕ್ತದಲ್ಲೇ ಓಟ ಇದೆ." ಸ್ಕೀಮ್ ಮುಗಿದ ದಿನ ಬಸ್ ಹತ್ತಿಸಿ ವಾಪಸ್ ಕಳಿಸಿದರು. ರಕ್ತ ಏನಾಯಿತು ಎಂದು ಯಾರೂ ಕೇಳಲಿಲ್ಲ.

ನನಗೂ ಕೆಲಸ ಸಿಕ್ಕಿದೆ. ಹೊಸ ರಿಸಾರ್ಟಿನಲ್ಲಿ ಅಡುಗೆಮನೆಯ ಉಸ್ತುವಾರಿ. ಸಂಜೆ ಹೊತ್ತು ಮಾತ್ರ.

ಶೇವಂತಿ


ಟಿಲ್‌ಬರ್ಗ್
9 ಫೆಬ್ರವರಿ 2025

ಅತ್ತೆಗೆ ನಮಸ್ಕಾರ.

ತಡವಾಯಿತು. ಕೆಲಸ ಬಹಳ. ಈ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ.

ನಮ್ಮ ಮೂಲ ಯಾವುದು ಎಂದು ತಿಳಿಯಲು ಮಾರಿಯೆಟ್ ನನ್ನ ಎಂಜಲು ತೆಗೆದು ಪರೀಕ್ಷೆಗೆ ಕಳಿಸಿದ್ದಳು. ಫಲಿತಾಂಶ ಬಂತು. ಆಫ್ರಿಕಾದ ಮೊಜಾಂಬಿಕ್ ಕಡೆಯ ಬಂಟು ಜನ ನಾವು. ನನಗೆ ಅಳು ಬಂತು ಅತ್ತೆ. ಪೋರ್ಚುಗೀಸರು ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರು, ನಮ್ಮವರು ಘಟ್ಟ ಹತ್ತಿ ಕಾಡು ಸೇರಿದರು. ಅಷ್ಟು ನಮಗೆ ಗೊತ್ತಿತ್ತು. ಆಮೇಲೆ ಏನಾಯಿತು ಎಂದು ನಾವು ಯೋಚಿಸಿಯೇ ಇಲ್ಲ. ಭಾಷೆ ಹೋಯಿತು, ಹೆಸರು ಹೋಯಿತು, ದೇವರೂ ಬೇರೆಯವರದ್ದಾದರು. ಅಪೂರ್ವ ಅನ್ನುವುದಾದರೂ ಯಾರ ಹೆಸರು? ಸಂಸ್ಕೃತ. ನಮ್ಮ ಮೇಲೆ ಹೇರಿದ್ದು. ಇಲ್ಲಿ ಈಗ ಎಲ್ಲರೂ ನನ್ನನ್ನು ಅಮಾನಿ ಎಂದು ಕರೆಯುತ್ತಾರೆ. ಮಾರಿಯೆಟ್ ಮೂರು ಆಫ್ರಿಕನ್ ಹೆಸರು ಕೊಟ್ಟಿದ್ದಳು, ನಾನು ಇದನ್ನು ಆರಿಸಿಕೊಂಡೆ. ಶಾಂತಿ ಎಂದು ಅರ್ಥವಂತೆ.

ಮ್ಯೂಸಿಯಂನ ಬಾಗಿಲಲ್ಲಿ ಕ್ವಾಮೆ ಎಂಬ ಕಾವಲುಗಾರ ಇದ್ದಾನೆ, ಘಾನಾದವನು. ಅವನಾದರೂ ನನಗೆ ನಮ್ಮ ಖಂಡದ ವಿಷಯ ಹೇಳಿಕೊಡಬಹುದು ಅಂದುಕೊಂಡು ಹೋದೆ. ಅವನು ಮೊಬೈಲ್ ತೆಗೆದು ಹೆಣ್ಣುಮಕ್ಕಳ ಫೋಟೋ ತೋರಿಸಿದ. ಇಬ್ಬರಿಗೂ ಡಚ್ ಬಿಟ್ಟು ಬೇರೆ ಮಾತು ಬರುವುದಿಲ್ಲವಂತೆ. ಇಲ್ಲಿ ಹೊರಗಿನಿಂದ ಬಂದವರಿಗೆ ಇನ್‌ಬುರ್ಗೆರಿಂಗ್ ಎಂದು ಒಂದು ಪರೀಕ್ಷೆ ಇದೆ, ಈ ದೇಶದವರ ಹಾಗೆ ಬದುಕಲು ಬರುತ್ತದೆ ಎಂದು ತೋರಿಸುವ ಪರೀಕ್ಷೆ. "ನಾನು ಪಾಸಾದ ದಿನವೇ ಮನೆಯಲ್ಲಿ ನಮ್ಮ ಭಾಷೆ ಬಂದ್ ಮಾಡಿದೆ" ಎಂದು ಹೆಮ್ಮೆಯಿಂದ ಹೇಳಿದ. ಊರಿನಲ್ಲಿರುವ ಅವನ ತಾಯಿ ವಿಡಿಯೋ ಕಾಲ್‌ನಲ್ಲಿ ಮೊಮ್ಮಕ್ಕಳನ್ನು ನೋಡಿ ಬರೀ ಕೈ ಬೀಸುತ್ತಾಳಂತೆ. ನನಗೆ ಅಯ್ಯೋ ಅನ್ನಿಸಿತು. ನಾನು ಹಾಗಾಗಬಾರದು.

ಸೆಪ್ಟೆಂಬರಿನಲ್ಲಿ ದೊಡ್ಡ ಪ್ರದರ್ಶನ ಇದೆ, ನಮ್ಮ ಜನದ ಬಗ್ಗೆಯೇ. ಡಮಾಮಿಯನ್ನು ಅದಕ್ಕೆ ಕೊಟ್ಟಿದ್ದೇನೆ. ಸ್ವಲ್ಪ ಕಾಲಕ್ಕೆ. ನಿಮಗೂ ಹೆಮ್ಮೆ ಅನ್ನಿಸುತ್ತದೆ ಎಂದುಕೊಂಡಿದ್ದೇನೆ.

ಇಂತಿ
ಅಮಾನಿ (ಅಪೂರ್ವ)


ಯಲ್ಲಾಪುರ
30 ಮಾರ್ಚ್ 2025

ಅಪೂರ್ವ,

ನನ್ನನ್ನು ನೀವು ಅಂದಿದ್ದೀ. ಯಾರಿಗೋ ಬರೆದ ಕಾಗದ ನನಗೆ ಬಂತೋ ಎಂದು ವಿಳಾಸ ತಿರುಗಿಸಿ ನೋಡಿದೆ. ಸರಿ, ಇರಲಿ.

ನಿನ್ನ ಹೆಸರನ್ನು ಯಾವ ಸಂಸ್ಕೃತದವರೂ ಬಂದು ಹೇರಲಿಲ್ಲ. ನಿನ್ನ ಅಮ್ಮನ ಬಾಣಂತನದ ಹೊತ್ತಿಗೆ ರೇಡಿಯೋದಲ್ಲಿ ಯಾರೋ ಅಪೂರ್ವ ಎಂಬುವವಳು ಹಾಡಿದಳು. ಹೆಸರು ಚಂದ ಇದೆ ಎಂದು ನಾನೇ ಎತ್ತಿಕೊಂಡೆ. ಹೇರಿದ್ದಲ್ಲ ಕೂಸೇ, ಕದ್ದದ್ದು. ಕದ್ದ ಮೇಲೆ ಅದು ನಮ್ಮದು. ಮಾರಿಯೆಟ್ ಮೂರು ಹೆಸರು ಮುಂದೆ ಇಟ್ಟಳು, ನೀನು ಒಂದನ್ನು ಎತ್ತಿಕೊಂಡೆ. ಅದು ಹೇರಿದ್ದಲ್ಲವೋ? ನಮ್ಮನ್ನು ಕೊಂಡ ದೊರೆಗಳೂ ಹೆಸರು ಹೀಗೇ ಕೊಡುತ್ತಿದ್ದರು. ಅವರು ಒಂದೇ ಕೊಡುತ್ತಿದ್ದರು, ಇವಳು ಮೂರು ಕೊಟ್ಟಿದ್ದಾಳೆ. ದೊಡ್ಡ ಉಪಕಾರ.

ನಿನ್ನ ಎಂಜಲು ನೋಡಿ ನೀನು ಯಾರು ಎಂದು ಹೇಳಿದಳಂತೆ. ನನಗೂ ಒಬ್ಬ ಕೋಚ್ ರಕ್ತದ ಮಾತು ಹೇಳಿದ್ದ. ನಾನೂ ನಂಬಿದ್ದೆ. ಮೂರು ವರ್ಷ ರಕ್ತವನ್ನು ನಂಬಿ ಓಡಿದೆ, ಅಷ್ಟೇ ಹೇಳುತ್ತೇನೆ.

ಭಾಷೆ ಹೋಯಿತು, ದೇವರು ಹೋದರು ಎಂದು ಬರೆದಿದ್ದೀ. ಹೋಗದೆ ಉಳಿದದ್ದು ಎರಡಿತ್ತು. ಎರಡನ್ನೂ ನಿನ್ನ ಕೈಯಲ್ಲಿ ಕೊಟ್ಟು ಕಳಿಸಿದೆ. ಒಂದನ್ನು ಪ್ರದರ್ಶನಕ್ಕೆ ಕೊಟ್ಟೆ ಎಂದು ಬರೆದಿದ್ದೀ. ಇನ್ನೊಂದರ ಮಾತೇ ಇಲ್ಲ.

ಕಾಯಿ ಎಲ್ಲಿದೆ? ಸುತ್ತಿ ಬಳಸಿ ಬೇಡ. ಎಲ್ಲಿದೆ ನನ್ನ ಅಣ್ಣ?

ಶೇವಂತಿ


ಟಿಲ್‌ಬರ್ಗ್
22 ಮೇ 2025

ಅತ್ತೆಗೆ,

ನೇರವಾಗಿಯೇ ಹೇಳುತ್ತೇನೆ. ಕಾಯಿ ಮ್ಯೂಸಿಯಂನಲ್ಲಿದೆ. ಮೊದಲಿನಿಂದಲೂ ಅಲ್ಲೇ ಇದೆ. ಕೆಲಸದ ಸಂದರ್ಶನಕ್ಕೆ ಹೋದಾಗ ಡಮಾಮಿಯ ಜೊತೆ ಅದನ್ನೂ ಒಯ್ದಿದ್ದೆ, ತೋರಿಸಲು. ಮಾರಿಯೆಟ್ ಕೈಗೆ ಎತ್ತಿಕೊಂಡು ಕಣ್ಣು ಒದ್ದೆ ಮಾಡಿಕೊಂಡಳು. ನನ್ನನ್ನು ತೆಗೆದುಕೊಂಡದ್ದು ನನ್ನ ಓದಿಗೋ ಆ ಕಾಯಿಗೋ ಎಂದು ನಾನು ಕೇಳಲಿಲ್ಲ. ಎರಡನ್ನೂ ದಾನ ಕೊಟ್ಟಿದ್ದೇನೆ ಎಂದು ಸಹಿ ಹಾಕಿದೆ. ಸ್ವಲ್ಪ ಕಾಲಕ್ಕೆ ಎಂದು ನಿಮಗೆ ಬರೆದದ್ದು ಸುಳ್ಳು. ಹಾಕದಿದ್ದರೆ ಜನವರಿಯಲ್ಲಿ ನಾನು ನಿಮ್ಮ ಅಂಗಳದಲ್ಲಿ ನಿಂತಿರುತ್ತಿದ್ದೆ. ಓದಿ ಏನು ಕಿಸಿದೆ ಎಂದು ಕೇರಿಯವರು ಕೇಳುತ್ತಿದ್ದರು, ನೀವೂ ಕೇಳುತ್ತಿದ್ದಿರಿ.

ಈಗ ಅದಕ್ಕೆ ಒಂದು ನಂಬರ್ ಇದೆ. ಹುಳ ಇದ್ದರೆ ಸಾಯಲಿ ಎಂದು ಎರಡು ವಾರ ಫ್ರೀಜರಿನಲ್ಲಿ ಇಟ್ಟಿದ್ದರು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಪಕ್ಕದ ಚೀಟಿಯಲ್ಲಿ "ಪೂರ್ವಜರ ಆರಾಧನೆಯ ವಸ್ತು, ಸ್ಥಿತಿ ಉತ್ತಮ" ಎಂದು ಬರೆದಿದೆ. ಅಪ್ಪನ ಹೆಸರಿಲ್ಲ. ಬರೆಯಿರಿ ಎಂದು ನಾನೂ ಹೇಳಲಿಲ್ಲ.

ನಿಮ್ಮ ಮಾರ್ಚಿನ ಕಾಗದ ಓದಿ ವಾರವಿಡೀ ಊಟ ಸೇರಲಿಲ್ಲ. ವಾಪಸ್ ಕೊಡಿ ಎಂದು ಕೇಳಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿ ಹೋದೆ. ಆಗ ಮಾರಿಯೆಟ್ ಹೊಸದಾಗಿ ಸಿಕ್ಕಿದ ಒಂದು ವಿಡಿಯೋ ತೋರಿಸಿದಳು. ಗಾಜಿನ ಪೆಟ್ಟಿಗೆಯ ಪಕ್ಕದ ಪರದೆಯಲ್ಲಿ ದಿನವಿಡೀ ಅದೇ ಓಡುತ್ತದಂತೆ. ಯಲ್ಲಾಪುರದ ಹತ್ತಿರದ ರಿಸಾರ್ಟ್. ಬೆಂಕಿಯ ಸುತ್ತ ಹೆಂಗಸರು, ಸೊಂಟಕ್ಕೆ ಎಲೆ, ಮುಖಕ್ಕೆ ಬಿಳಿ ಚುಕ್ಕೆ, ಹುಯ್ಯೋ ಹುಯ್ಯೋ ಎಂದು ಕುಣಿತ. ಎಲ್ಲರಿಗಿಂತ ಮುಂದೆ ನಿಂತವಳ ಮುಖ ಯಾರದು ಎಂದು ನಾನು ಬೇರೆ ಹೇಳಬೇಕಾ?

ಅಡುಗೆಮನೆಯ ಉಸ್ತುವಾರಿ! ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯಲ್ಲಿ ನೊಣ ಹುಡುಕಿದರಂತೆ. ನನಗೆ ಹೆಸರಿನ ಪಾಠ ಹೇಳಿದಿರಲ್ಲ, ಹಿರಿಯರ ಪಾಠ ಹೇಳಿದಿರಲ್ಲ. ನಮ್ಮ ಡಮಾಮಿ ಕುಣಿತಕ್ಕೆ ಯಾವತ್ತು ಎಲೆ ಕಟ್ಟಿದ್ದರು? ಅಜ್ಜಿ ಸೀರೆ ಎತ್ತಿ ಕಟ್ಟಿ ಕುಣಿಯುತ್ತಿದ್ದದ್ದು ನನಗೆ ಗೊತ್ತಿಲ್ಲವೇ? ವಾಪಸ್ ಕೊಡಿ ಎಂದು ಕೇಳಲು ಹೋದವಳು ಬಾಯಿ ಮುಚ್ಚಿಕೊಂಡು ಬಂದೆ.

ಅಪೂರ್ವ


ಯಲ್ಲಾಪುರ
2 ಜುಲೈ 2025

ಅಪೂರ್ವ,

ಹೌದು, ಎಲೆ ಕಟ್ಟಿದೆ. ವಾರಕ್ಕೆ ಎರಡು ಸಲ ಕಟ್ಟುತ್ತೇನೆ. ಮೊದಲ ದಿನ ನಾವು ಸೀರೆ ಉಟ್ಟೇ ಹೋಗಿದ್ದೆವು. ರಿಸಾರ್ಟಿನವನು, "ಸೀರೆಯಲ್ಲಿ ಕುಣಿದರೆ ಗೆಸ್ಟುಗಳು ನಂಬೋದಿಲ್ಲ, ಆಫ್ರಿಕಾ ಥರ ಇರಬೇಕು" ಎಂದ. ಆಫ್ರಿಕಾ ಹೇಗಿರುತ್ತದೆ ಎಂದು ನನಗೇನು ಗೊತ್ತು? ಅವನಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಯಾವುದೋ ಬಿಳಿಯರ ಸಿನಿಮಾ ತೋರಿಸಿ, ಹೀಗೆ ಎಂದ. ಹೊಟ್ಟೆ ಕೇಳಬೇಕಲ್ಲ, ಕಟ್ಟಿದೆವು. ನಾಚಿಕೆ ಆಗಲಿಲ್ಲವಾ ಎಂದು ಕೇಳು. ಆಯಿತು. ನಿನಗೆ ಸುಳ್ಳು ಹೇಳಿದ್ದೇ ಅದಕ್ಕೆ.

ಆದರೆ ಒಂದು ಕೇಳು. ಕುಣಿತ ಮುಗಿದ ಮೇಲೆ ಆ ಎಲೆಯನ್ನು ಬಿಚ್ಚಿ ಕೊಟ್ಟಿಗೆಗೆ ಎಸೆಯುತ್ತೇನೆ. ಮೇಕೆ ತಿನ್ನುತ್ತದೆ. ಸೀರೆ ಉಟ್ಟು ಮನೆಗೆ ಬಂದು ನಮ್ಮ ಕಾಯಿಗೆ ದೀಪ ಇಡುತ್ತೇನೆ. ಹಿರಿಯರನ್ನು ನಾನು ಬೆಂಕಿಯ ಹತ್ತಿರಕ್ಕೂ ಒಯ್ದಿಲ್ಲ. ನಿನ್ನ ಎಲೆಯನ್ನು ಬಿಚ್ಚಲಿಕ್ಕೆ ಬರುತ್ತದಾ ಹೇಳು. ಯಾವ ಮೇಕೆ ತಿನ್ನುತ್ತದೆ ಅದನ್ನು?

ಫ್ರೀಜರಿನ ವಿಷಯ ಓದಿ ಕಾಗದ ಕೆಳಗಿಟ್ಟೆ. ಆಮೇಲೆ ಹೊರಗೆ ಹೋಗಿ ಸುಮ್ಮನೆ ಅತ್ತು ಬಂದೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ.

ಈಗ ಜಗಳ ಸಾಕು. ನನಗೆ ಡಮಾಮಿ ವಾಪಸ್ ಬೇಡ. ಕಾಯಿಯೂ ವಾಪಸ್ ಬೇಡ. ಒಂದೇ ಒಂದು ಮಾಡು. ಪ್ರತಿ ಮಹಾನವಮಿಗೆ ಹಳೆಯ ಕಾಯಿಯನ್ನು ಇಳಿಸಿ, ಹೆಸರು ಕರೆದು ಹೊಸದರಲ್ಲಿ ಕೂರಿಸಿ, ಹಳೆಯದನ್ನು ಹರಿಯುವ ನೀರಿಗೆ ಬಿಡುತ್ತೇವೆ. ನೀನು ಹುಟ್ಟಿದಾಗಿನಿಂದ ನೋಡಿದ್ದೀ. ಯಾಕೆ ಎಂದು ಯಾವತ್ತೂ ಕೇಳಲಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದಳು, ನಮ್ಮವರನ್ನು ಒಂದು ಸಲ ಹಡಗಿನ ಹೊಟ್ಟೆಯಲ್ಲಿ ಕೂಡಿ ಹಾಕಿದ್ದರಂತೆ. ಅದಕ್ಕೇ ನಮ್ಮ ಹಿರಿಯರನ್ನು ಒಂದು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಕೂಡಿಡಬಾರದು. ಕೆಡದ ಹಾಗೆ ಇಡುವುದು ಅವರಿಗೆ ಮರ್ಯಾದೆಯಲ್ಲ, ಸೆರೆ. ಅಣ್ಣನಿಗೆ ಅಕ್ಟೋಬರ್ ಒಂದಕ್ಕೆ ವರ್ಷ ತುಂಬುತ್ತದೆ. ಹಡಗಿನಿಂದ ಇಳಿದವರನ್ನು ಮತ್ತೆ ಹತ್ತಿಸಬೇಡ. ಅಣ್ಣನನ್ನು ಇಳಿಸು.

ಬರೀ ಹೆಸರು ಸಾಲದು. ಕರೆಯುವ ಮಾತನ್ನು ಬರೆದು ಕಳಿಸು ಎಂದು ಕೇಳಬೇಡ. ಅದನ್ನು ಬರೆಯುವುದಿಲ್ಲ, ಕಿವಿಯಲ್ಲಿ ಹೇಳುವುದು. ಮಹಾನವಮಿಯ ದಿನ ಇಳಿಸುವ ಹೊತ್ತಿಗೆ ಫೋನ್ ಮಾಡು. ನಾನು ಗುಡ್ಡದ ಮೇಲೆ ಕೂತಿರುತ್ತೇನೆ. ಹೇಳುತ್ತೇನೆ.

ಅತ್ತೆ


ಟಿಲ್‌ಬರ್ಗ್
7 ಸೆಪ್ಟೆಂಬರ್ 2025

ಪ್ರೀತಿಯ ಅತ್ತೆ,

ಕುಣಿಯಬೇಕು ಅನ್ನಿಸುತ್ತಿದೆ. ಮಾರಿಯೆಟ್ ಒಪ್ಪಿದಳು!

ನಿನ್ನ ಕಾಗದವನ್ನು ಇಂಗ್ಲಿಷಿಗೆ ಮಾಡಿ ಓದಿ ಹೇಳಿದೆ. ಅಜ್ಜಿಯ ಹಡಗಿನ ಮಾತು ಬಂದಾಗ ಅವಳು ಕನ್ನಡಕ ತೆಗೆದಳು. ಆಡಳಿತದವರ ಜೊತೆ ಮೀಟಿಂಗ್ ಮೇಲೆ ಮೀಟಿಂಗ್ ಆಯಿತು. ಈಗ ಪ್ರದರ್ಶನದ ಉದ್ಘಾಟನೆಯನ್ನು ಮುಂದೂಡಿ ಅಕ್ಟೋಬರ್ ಒಂದಕ್ಕೇ ಇಟ್ಟಿದ್ದಾರೆ. ಮಧ್ಯಾಹ್ನ ಮೂರಕ್ಕೆ, ಅಂದರೆ ನಿನಗೆ ಸಂಜೆ ಆರೂವರೆಗೆ, ಗಾಜು ತೆಗೆದು ನಾನೇ ಕಾಯಿ ಬದಲಿಸುತ್ತೇನೆ. ನೋಡಲು ಜನ ಬರುತ್ತಾರೆ, ಅದು ಸ್ವಲ್ಪ ಮುಜುಗರ. ಎಲೆ ಕಟ್ಟುತ್ತೀಯಾ ಎಂದು ಒಬ್ಬ ಕೇಳಿದ, ಕಟ್ಟುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದೇನೆ. ನೀನು ಕೊಟ್ಟ ಇಳಕಲ್ ಸೀರೆ ಉಡುತ್ತೇನೆ. ಸುರಿನಾಮಿನವರ ಅಂಗಡಿಯಲ್ಲಿ ಕಾಯಿ ತೆಗೆದಿಟ್ಟಿದ್ದೇನೆ, ಜುಟ್ಟು ಇರುವುದನ್ನೇ ಹುಡುಕಿದೆ. ಹಳೆಯದನ್ನು ಬಿಡಲು ಕಾಲುವೆ ಕೂಡ ನೋಡಿ ಬಂದಿದ್ದೇನೆ. ನೀರು ಬಹಳ ನಿಧಾನ, ಆದರೂ ಹರಿಯುತ್ತದೆ.

ಮೂರಕ್ಕೆ ಸರಿಯಾಗಿ ಫೋನ್ ಮಾಡುತ್ತೇನೆ. ಗುಡ್ಡದ ಮೇಲೆ ಹುಷಾರು. ಕೂರಲು ಗೋಣಿಚೀಲ ಒಯ್ಯಿ.

ನಿನ್ನ
ಅಪೂರ್ವ


ಯಲ್ಲಾಪುರ
2 ಅಕ್ಟೋಬರ್ 2025

ಅಪೂರ್ವ ಕೂಸೇ,

ಫೋನ್ ಬರಲಿಲ್ಲ. ನೆಟ್‌ವರ್ಕ್ ಇತ್ತು, ನಾಲ್ಕು ಕಡ್ಡಿ ಇತ್ತು. ನಾನು ಐದಕ್ಕೇ ಹೋಗಿ ಕೂತಿದ್ದೆ. ಕೇರಿಯವರಿಗೆಲ್ಲ ಹೇಳಿಬಿಟ್ಟಿದ್ದೆ, ಇವತ್ತು ಅಲ್ಲಿ ಅಣ್ಣ ಇಳಿಯುತ್ತಾನೆ ಎಂದು. ಎಷ್ಟು ಜನ ನನ್ನ ಜೊತೆ ಗುಡ್ಡ ಹತ್ತಿದರು ಗೊತ್ತಾ! ಡಮಾಮಿ ಇಲ್ಲವಲ್ಲ, ಒಬ್ಬ ಪ್ಲಾಸ್ಟಿಕ್ ಡ್ರಮ್ ಹೊತ್ತು ತಂದ. ಕತ್ತಲಾಗುತ್ತ ಬಂತು, ಒಬ್ಬೊಬ್ಬರೇ ಇಳಿದರು. ನಾನು ಮಾತ್ರ ಕೂತಿದ್ದೆ.

ಆ ಕಡೆ ಏನೋ ತೊಂದರೆ ಆಗಿರಬೇಕು. ಲೈನ್ ಸಿಕ್ಕಿರಲಿಕ್ಕಿಲ್ಲ. ನೀನು ಹೇಗೋ ಇಳಿಸಿರುತ್ತೀ. ಇಳಿಸಿದೆ ಎಂದು ಒಂದು ಸಾಲು ಬರೆ, ಸಾಕು. ನನಗೆ ನಿದ್ದೆ ಬರುತ್ತದೆ.

ಅತ್ತೆ


ಟಿಲ್‌ಬರ್ಗ್
4 ಅಕ್ಟೋಬರ್ 2025

ಅತ್ತೆ,

ಫೋನ್ ಮಾಡಲು ಬಿಡಲಿಲ್ಲ. ಬಿಡಲಿಲ್ಲ ಎಂದರೆ ಯಾರೂ ಕೈ ಹಿಡಿಯಲಿಲ್ಲ. ಚಿತ್ರೀಕರಣ ನಡೆಯುತ್ತಿತ್ತು. "ಕೈಯಲ್ಲಿ ಫೋನ್ ಇದ್ದರೆ ದೃಶ್ಯ ಕೆಡುತ್ತದೆ ಅಮಾನಿ, ಕೊಡು, ನಾನು ಹಿಡಿದಿರುತ್ತೇನೆ" ಎಂದು ಮಾರಿಯೆಟ್ ಬಹಳ ಪ್ರೀತಿಯಿಂದ ಕೇಳಿದಳು. ನಾನು ಕೊಟ್ಟೆ. ಅಷ್ಟೇ ನಡೆದದ್ದು. ನಾನು ಕೊಟ್ಟೆ.

ಗಾಜು ತೆಗೆದರು. ಹಾಲ್ ತುಂಬ ಜನ. ಡಮಾಮಿಯನ್ನು ಹೊರಗೆ ತಂದು ಒಬ್ಬ ಡಚ್ ವಾದ್ಯಗಾರ ತೊಡೆಯ ಮೇಲೆ ಇಟ್ಟುಕೊಂಡ. ಚರ್ಮ ಕಾಯಿಸಿರಲಿಲ್ಲ, ಸ್ವರ ಸತ್ತಿತ್ತು, ಆದರೂ ಬಾರಿಸಿದ. ನಾನು ಹಳೆಯ ಕಾಯಿ ಇಳಿಸಿ ಹೊಸದನ್ನು ಇಟ್ಟೆ. ಈಗ ಕರೆಯಬೇಕು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ನನಗೆ ಮಾತು ಗೊತ್ತಿಲ್ಲ. ಆ ವಾದ್ಯದ ಮುಂದೆ ನಿಂತು ಜನ್ಮದಲ್ಲಿ ನಾನು ಹೇಳಿದ್ದು ಒಂದೇ ಅತ್ತೆ. ಅದೇ ಬಾಯಿಗೆ ಬಂತು. ಎರಡೊಂದ್ಲಿ ಎರಡು. ಎರಡೆರಡ್ಲಿ ನಾಲ್ಕು. ಎರಡ್ಮೂರ್ಲಿ ಆರು. ಕಣ್ಣು ಮುಚ್ಚಿಕೊಂಡು ಹೇಳಿದೆ. ಐದರ ಮಗ್ಗಿಯವರೆಗೆ ಹೇಳಿದೆ. ಕಣ್ಣು ತೆರೆದಾಗ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಾರಿಯೆಟ್ ಅಳುತ್ತಿದ್ದಳು. ಕ್ವಾಮೆ ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ.

ಉಡುಪಿಯ ಕ್ಷಮಾ ಬಂದಿದ್ದಳು. ಆ ಹಾಲ್‌ನಲ್ಲಿ ಅರ್ಥವಾದದ್ದು ಅವಳೊಬ್ಬಳಿಗೇ. ಆಮೇಲೆ ಹತ್ತಿರ ಬಂದು ನನ್ನ ಕೈ ಹಿಡಿದು, "ನಾನು ಯಾರಿಗೂ ಹೇಳಲ್ಲ, ಬಿಡು" ಅಂದಳು. ಕೇಟರಿಂಗ್‌ನವಳು ಅಂದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಇನ್ನೂ ಮುಗಿದಿಲ್ಲ. ಜನ ಹೋದ ಮೇಲೆ ಬಿಳಿ ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಬಂದು ಹೊಸ ಕಾಯಿ ತೆಗೆದು ನನ್ನ ಕೈಗೆ ಕೊಟ್ಟಳು. ಹಳೆಯದನ್ನು ಮತ್ತೆ ಗಾಜಿನೊಳಗೆ ಇಟ್ಟಳು. ನಂಬರ್ ಇರುವುದು ಅದಕ್ಕೇ ಅಲ್ಲವಾ. ನಾನು ಕೂಗಾಡಿದೆ. ಮಾರಿಯೆಟ್‌ಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ವಿಧಿ ಮುಗಿಯಿತಲ್ಲ, ಎಷ್ಟು ಸುಂದರವಾಗಿ ಮುಗಿಯಿತು" ಎಂದಳು. ನನ್ನ ಕೆಲಸವನ್ನು ಮೂರು ವರ್ಷಕ್ಕೆ ಮುಂದುವರಿಸಿದ್ದಾರೆ, ಅದನ್ನೂ ಅವತ್ತೇ ಹೇಳಿದಳು. ನಾನು ಥ್ಯಾಂಕ್ಸ್ ಅಂದೆ.

ಹೊಸ ಕಾಯಿ ಅಡುಗೆಮನೆಯಲ್ಲಿದೆ. ಅದರ ಮುಂದೆ ಅನ್ನ ಇಟ್ಟು ಕೂತಿದ್ದೇನೆ. ಇದರಲ್ಲಿ ಅಪ್ಪ ಇದ್ದಾನಾ ಅತ್ತೆ? ಇಲ್ಲ ಅನ್ನಬೇಡ.

ಅಪೂರ್ವ


ಯಲ್ಲಾಪುರ
6 ನವೆಂಬರ್ 2025

ಅಮಾನಿಗೆ,

ಇಲ್ಲ. ಅದರಲ್ಲಿ ಯಾರೂ ಇಲ್ಲ. ಕೆಡುವ ಮೊದಲು ಒಡೆದು ಚಟ್ನಿ ಮಾಡಿಕೋ.

ಮಗ್ಗಿ ಹೇಳಿದ್ದಕ್ಕೆ ನಾನು ಬೈಯುವುದಿಲ್ಲ. ಕೇರಿಯಲ್ಲಿ ಯಾರಿಗೂ ಹೇಳಲಿಲ್ಲ, ನಗುತ್ತಾರೆ. ನನಗೆ ನಗು ಬರಲಿಲ್ಲ. ಆ ಡಮಾಮಿ, ಆ ತಾಳ, ನಿನ್ನ ಬಾಯಲ್ಲಿ ಮಗ್ಗಿ. ನಾನು ಕಿವಿಯಲ್ಲಿ ಹೇಳಬೇಕಿದ್ದ ಮಾತಿಗೆ ಅಣ್ಣ ಏಳುತ್ತಿದ್ದನೋ ಇಲ್ಲವೋ, ಅದನ್ನು ಕೇಳಿ ಖಂಡಿತ ಎದ್ದು ಕೂತಿರುತ್ತಾನೆ. ಮಗಳು ಕರೆದುಕೊಂಡು ಹೋಗಲು ಬಂದಳು ಎಂದುಕೊಂಡಿರುತ್ತಾನೆ. ನನ್ನ ಸಂಕಟ ಅದೇ. ನೀನು ಅವನನ್ನು ಎಬ್ಬಿಸಿದೆ, ಇಳಿಸಲಿಲ್ಲ. ಎಬ್ಬಿಸದಿದ್ದರೆ ಮಲಗಿಯೇ ಇರುತ್ತಿದ್ದ. ಈಗ ಕಣ್ಣು ಬಿಟ್ಟುಕೊಂಡು ಗಾಜಿನೊಳಗೆ ಕೂತಿದ್ದಾನೆ. ಪಕ್ಕದಲ್ಲಿ ನಾನು ಎಲೆ ಕಟ್ಟಿ ಕುಣಿಯುವುದನ್ನು ದಿನವಿಡೀ ನೋಡಬೇಕು.

ರಿಸಾರ್ಟಿಗೆ ಹೋಗುವುದನ್ನು ಬಿಟ್ಟೆ. ದೊಡ್ಡ ಮನಸ್ಸಿನಿಂದಲ್ಲ, ನನಗಿಂತ ಸಣ್ಣ ಪ್ರಾಯದವರು ಸಿಕ್ಕಿದರು.

ನಿನಗೆ ಮೂರು ವರ್ಷ ಸಿಕ್ಕಿತು ಎಂದೆಯಲ್ಲ, ಒಳ್ಳೆಯದಾಗಲಿ. ಅಲ್ಲೇ ಹತ್ತಿರ ಇರುತ್ತೀ. ದಿನಾ ಕೆಲಸಕ್ಕೆ ಹೋಗುವಾಗ ಬರುವಾಗ ಅವನ ಮುಂದೆ ಹಾದುಹೋಗಬೇಕಾಗುತ್ತದೆ. ಹೋಗುವಾಗ ಮುಖ ತಿರುಗಿಸಬೇಡ. ಅಷ್ಟಾದರೂ ಮಾಡು.

ಮುಂದಿನ ಮಹಾನವಮಿಗೆ ನಾನು ಗುಡ್ಡ ಹತ್ತುವುದಿಲ್ಲ.

ಶೇವಂತಿ